ನೀಲಿ ವೈರು

ಗಂಡನ ತಪ್ಪನ್ನು ಹೊರಗಿನವರ ಮುಂದೆ ನಾನು ಹೇಳಿದ್ದು ಒಂದೇ ಸಲ. ಅದನ್ನು ಬರೆಯುತ್ತೇನೆ. ನಾನು ಕಲಿತದ್ದು ಎರಡನೇ ಇಯತ್ತೆ. ಅಕ್ಷರ ಹೆಚ್ಚುಕಡಿಮೆಯಾದರೆ ಓದುವವರೇ ಸಂಭಾಳಿಸಿಕೊಳ್ಳಬೇಕು.

ನಮ್ಮವರದು ಕೇಶ್ವಾಪುರದಲ್ಲಿ ರೇಡಿಯೋ ರಿಪೇರಿ ಅಂಗಡಿ ಇತ್ತು. ವಯಸ್ಸಾದ ಮೇಲೆ ಅದನ್ನು ಬಿಟ್ಟು ನವನಗರದ ಮನೆಯ ಹಿಂದಿನ ಪಡಸಾಲೆಯಲ್ಲೇ ಟೇಬಲ್ಲು ಹಾಕಿಕೊಂಡರು. ಅದೇ ಪಡಸಾಲೆಯ ಇನ್ನೊಂದು ಮೂಲೆಯಲ್ಲಿ ನನ್ನ ಹೊಲಿಗೆ ಮಷೀನು. ಅವರ ಬೆಸುಗೆಯ ಹೊಗೆ ನನ್ನ ಮೂಗಿಗೆ, ನನ್ನ ಮಷೀನಿನ ಸದ್ದು ಅವರ ಕಿವಿಗೆ. ಹೀಗೆ ನೋಡಿ ನೋಡಿ ಆ ಕೆಲಸ ನನಗೂ ಅರ್ಧಮರ್ಧ ಬರುತ್ತದೆ. ಯಾರೂ ಕೂಡಿಸಿಕೊಂಡು ಕಲಿಸಿದ್ದಲ್ಲ.

ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಡಾಕ್ಟರು ಆಪರೇಷನ್ ಆಗಬೇಕೆಂದು ಚೀಟಿ ಬರೆದುಕೊಟ್ಟಿದ್ದರು. ಇವರು ಕೇಳಲಿಲ್ಲ. "ನನ್ನ ಬೆರಳಿಗೇ ಎಲ್ಲಾ ಕಾಣತೈತಿ" ಎಂದು ಬೆರಳು ತೋರಿಸುತ್ತಿದ್ದರು. ನಾನೂ ಜೋರು ಮಾಡಲಿಲ್ಲ. ಅದು ನನ್ನ ತಪ್ಪು.

ಒಂದು ದಿನ ಮುಗದ ಹಳ್ಳಿಯಿಂದ ಭಜನಾ ಮೇಳದವನೊಬ್ಬ ಬೈಕಿನ ಮೇಲೆ ಕೌದಿಯಲ್ಲಿ ಕಟ್ಟಿಕೊಂಡು ಹಳೆಯ ಆಂಪ್ಲಿಫೈಯರ್ ತಂದ. ವಾಲ್ವಿನದು. ಒಳಗೆ ಗಾಜಿನ ಬುರುಡೆಗಳು ಇರುತ್ತವೆ, ಅವು ಕಾದು ಕೆಂಡದಂತೆ ಆದ ಮೇಲೆಯೇ ದನಿ ಬರುವುದು. ಅವರ ಹತ್ತಿರ ಹೊಸದೂ ಇತ್ತಂತೆ. ಅದರಲ್ಲಿ ದನಿ ತಗಡು ಬಡಿದಂತೆ ಕೇಳುತ್ತದೆ ಎಂದು ಅವನ ಅಪ್ಪನ ತಕರಾರು. ಮೇಳದಲ್ಲಿ ಮುಂದೆ ನಿಂತು ಹಾಡುವವನೇ ಆ ಅಪ್ಪ.

"ಕಾಕಾರ, ಗುಂಯ್ ಅನ್ನೂದು ನಿಲ್ಲಬೇಕ್ರಿ. ಮೊಬೈಲ್ ಶ್ರುತಿಗಿ ಒಂದ್ ತೂತು ಬೇಕ್ರಿ. ಮತ್ತ ಮೈಕಿಗಿ ತುಟಿ ಹತ್ತಿದ್ರ ಚುರ್ ಅಂತೈತ್ರಿ. ನಮ್ಮಪ್ಪ ಮೈಕ್ ಒಂದ್ ಮಾರು ದೂರ ಇಟ್ಕೊಂಡ ಹಾಡ್ತಾನ್ರಿ."

"ಹಂಗಾರ ಹಾಡು ನಿಮ್ಮಪ್ಪಗಷ್ಟ ಕೇಳತಿರಬೇಕು" ಎಂದು ನಮ್ಮವರು ನಕ್ಕರು.

ಐದು ದಿನ ಕೂತು ಮಾಡಿದರು. ಗುಂಯ್ ಅನ್ನಿಸುತ್ತಿದ್ದ ಒಣಗಿದ ಕಂಡೆನ್ಸರುಗಳನ್ನೆಲ್ಲ ಕಿತ್ತು ಹೊಸವು ಹಾಕಿದರು. ಮೊಬೈಲಿನ ವೈರು ಚುಚ್ಚಲು ಆಂಪ್ಲಿಫೈಯರಿನ ಡಬ್ಬಿಗೆ ತೂತು ಕೊರೆದರು. ಹಳೆಯ ಎರಡು ಎಳೆಯ ವೈರು ತೆಗೆದು, ಪ್ಲಗ್ ಕೂಡಿಕೊಂಡೇ ಬರುವ ಮೂರೆಳೆಯ ವೈರು ಹಾಕಿದರು. ಅದರಿಂದ ಡಬ್ಬಿಯ ಮೈಗೆ ಅರ್ಥಿಂಗ್ ಸಿಗುತ್ತದೆ, ತುಟಿಗೆ ಚುರ್ ಅನ್ನುವುದು ನಿಲ್ಲುತ್ತದೆ.

ಒಯ್ಯಲು ಅವನು ಬಂದ ಬೆಳಿಗ್ಗೆ, ಡಬ್ಬಿ ಮಗ್ಗುಲಾಗಿ ಇತ್ತು, ಕೆಳಗಿನ ತಗಡು ಇನ್ನೂ ಮುಚ್ಚಿರಲಿಲ್ಲ. ನಮ್ಮವರು ಸೀರೀಸ್ ಬಲ್ಬಿನ ಬೋರ್ಡಿಗೆ ಹಚ್ಚಿ ತೋರಿಸಿದರು. ರಿಪೇರಿ ಮಾಡಿದ್ದನ್ನು ಸೀದಾ ಕರೆಂಟಿಗೆ ಹಚ್ಚುವ ಪದ್ಧತಿ ಇಲ್ಲ. ನಡುವೆ ಒಂದು ಬಲ್ಬು ಇರಬೇಕು. ಒಳಗೆ ಶಾರ್ಟ್ ಇದ್ದರೆ ಬಲ್ಬು ಧಗ್ಗೆಂದು ಉರಿಯುತ್ತದೆ, ಸುಧಾರಿಸಿದ್ದರೆ ಒಮ್ಮೆ ಮಿನುಗಿ ಮಂಕಾಗುತ್ತದೆ. ಮಂಕಾಯಿತು. ಡಬ್ಬಿಯ ಮೈಗೆ ಟೆಸ್ಟರ್ ಮುಟ್ಟಿಸಿದರು, ಅದರ ದೀಪ ಹತ್ತಲಿಲ್ಲ. ಆಮೇಲೆ ಬಲ್ಬು ತಪ್ಪಿಸಿ ಹಚ್ಚಿದರು. ಮುಗದದವನು ಮೊಬೈಲಿನಿಂದ ಶ್ರುತಿ ಬಿಟ್ಟ. ಪಡಸಾಲೆ ತುಂಬಿತು. ಗುಂಯ್ ಇಲ್ಲವೇ ಇಲ್ಲ. ಸುಳ್ಳು ಯಾಕೆ, ಕೆಲಸ ಚೊಕ್ಕ ಇತ್ತು.

ಆಗ ನನಗೆ ಕಂಡಿತು. ಡಬ್ಬಿಯ ಮೈಗೆ ಬೆಸೆದದ್ದು ನೀಲಿ ವೈರು.

ಈಗಿನ ವೈರಿನಲ್ಲಿ ಕಂದು ಕರೆಂಟು ತರುತ್ತದೆ, ನೀಲಿ ತಿರುಗಿ ಒಯ್ಯುತ್ತದೆ, ಹಸಿರು-ಹಳದಿ ನೆಲಕ್ಕೆ ಹೋಗುತ್ತದೆ. ಮೈಗೆ ಕೂಡಬೇಕಾದದ್ದು ಹಸಿರು-ಹಳದಿ, ಅದು ನೀಲಿಯ ಜಾಗದಲ್ಲಿ ಕೂತಿತ್ತು. ನಮ್ಮ ಮನೆಯಲ್ಲಿ ಪ್ಲಗ್ ಚುಚ್ಚುವ ಪಾಯಿಂಟು ಸರಿ ಇರುವುದರಿಂದ ನೀಲಿ ಹೊಡೆಯುವುದಿಲ್ಲ, ಟೆಸ್ಟರಿಗೂ ಹತ್ತುವುದಿಲ್ಲ. ಎಲ್ಲೋ ಒಂದು ಕಡೆ ಯಾವನೋ ಪಾಯಿಂಟಿನ ಎಡಬಲ ಅದಲುಬದಲು ಮಾಡಿದ್ದರೆ, ಕರೆಂಟು ನೀಲಿಯಲ್ಲೇ ಬರುತ್ತದೆ. ಡಬ್ಬಿಗೆ, ಡಬ್ಬಿಯಿಂದ ಮೈಕಿಗೆ, ಮೈಕಿನಿಂದ ಹಿಡಿದವನಿಗೆ.

ಅವನು ಹೋದ ಮೇಲೆ ಹೇಳೋಣವೆಂದರೆ ಡಬ್ಬಿಯೂ ಅವನ ಜೊತೆ ಹೋಗುತ್ತದೆ. ಅವನಾಗಲೇ ಕೌದಿ ಹಾಸುತ್ತಿದ್ದ.

"ರೀ, ಮೈಗಿ ನೀಲಿ ಕೂಡ್ಸೀರಿ."

"ಹಸರ ಐತಿ ಅದು."

"ನೀಲಿ ಐತ್ರಿ."

"ನಿನ್ನ ಜಂಪರ ನೀ ಹೊಲಿ. ನೀ ಹುಟ್ಟೂ ಮುಂಚಿಂದ ಬೆಸಿಗಿ ಹಾಕೇನಿ ನಾ."

"ನಾ ಹುಟ್ಟಿದಾಗ ನಿಮಗ ನಾಕು ವರ್ಷ. ಸುಳ್ಳ ಹೇಳಬ್ಯಾಡ್ರಿ."

ಮುಗದದವನು ನಡುವೆ ಬಾಯಿ ಹಾಕಿದ. "ಇರ್ಲಿ ಬಿಡ್ರಿ ಕಾಕು, ಛಲೋ ಹಾಡಾಕತ್ತೈತಲ್ರಿ."

"ಹಾಡಾಕತ್ತೈತಿ ಖರೇ. ಹಾಡಾಂವ ಉಳೀಬೇಕಲ್ಲೋ. ನಿನ್ನ ಕಣ್ಣು ನೆಟ್ಟಗ ಅದಾವಲ್ಲ, ಬಂದ್ ನೋಡು. ಯಾವ ಬಣ್ಣ?"

ಅವನು ಬಗ್ಗಿ ನೋಡಿದ. ನಮ್ಮವರ ಮುಖ ನೋಡಿದ, ನನ್ನ ಮುಖ ನೋಡಿದ. "ಹಸರ ಅಂದ್ರ ಹಸರ ಕಾಣ್ತೈತ್ರಿ, ನೀಲಿ ಅಂದ್ರ ನೀಲಿ" ಎಂದ. ಹಿರಿಯ ಮನುಷ್ಯನ ಮಾತು ಮುರಿಯಬಾರದೆಂದು ಅವನು ತನ್ನಪ್ಪನ ಜೀವವನ್ನೇ ಒತ್ತೆ ಇಡುತ್ತಿದ್ದ. ನಮ್ಮ ಕಡೆ ಮಂದಿ ಹೀಗೇ.

"ಮೈಕ್ ಹಿಡಿಯಾಂವ ನಿಮ್ಮಪ್ಪ. ಮರ್ಯಾದಿ ಆಮ್ಯಾಲ ಮಾಡು, ಮೊದಲ ಬಣ್ಣ ಹೇಳು."

"ನೀಲಿ ಐತ್ರಿ, ಕಾಕಾರ" ಎಂದ, ನೆಲ ನೋಡಿಕೊಂಡು.

ನಮ್ಮವರು ಪ್ಲಗ್ ಕಿತ್ತರು. ಡಬ್ಬಿಯನ್ನು ಕಿಟಕಿಗೆ ಒಯ್ದು ಕಣ್ಣಿಗೆ ಹತ್ತಿಸಿಕೊಂಡು ಬಹಳ ಹೊತ್ತು ನೋಡಿದರು. ಮೀಟರಿನಿಂದ ಪ್ಲಗ್ಗಿನಲ್ಲಿ ಹಸಿರು-ಹಳದಿ ಸೇರುವ ದೊಡ್ಡ ಪಿನ್ನು, ಡಬ್ಬಿಯ ಮೈ ಎರಡನ್ನೂ ಮುಟ್ಟಿಸಿದರು. ಕೂಡಿದ್ದರೆ ಮೀಟರು ಕೂಗುತ್ತದೆ. ಕೂಗಲಿಲ್ಲ. ಇದನ್ನು ಮೊದಲೇ ಮಾಡಿದ್ದರೆ ಯಾರೂ ಹೇಳಬೇಕಿರಲಿಲ್ಲ. ಬೆರಳಿಗೆ ಗೊತ್ತೆಂದು ಮಾಡಿರಲಿಲ್ಲ.

ಕಂಡೆನ್ಸರಿನಲ್ಲಿ ಉಳಿದ ಕರೆಂಟು ಇಳಿಸಿದರು. ಬೆಸುಗೆ ಕಡ್ಡಿಯನ್ನು ನನ್ನ ಕಡೆ ತಿರುಗಿಸಿ ಇಟ್ಟು, "ನೀನ ಹಚ್ಚು" ಎಂದರು.

ಹಚ್ಚಿದೆ. ನೀಲಿಯನ್ನು ಅದರ ಜಾಗಕ್ಕೆ, ಹಸಿರು-ಹಳದಿಯನ್ನು ಮೈಗೆ. ಮೀಟರು ಕೂಗಿತು.

"ಬೆಸಿಗಿ ಅಲ್ಲ ಇದು, ಉಂಡಿ ಕಟ್ಟೀದಿ" ಎಂದರು ಬೆರಳಾಡಿಸಿ. ಖರೆ, ಉಂಡೆಯಂತೆಯೇ ಆಗಿತ್ತು.

ಅವನು ಡಬ್ಬಿ ಒಯ್ದ. ಸಂಜೆ ಚಹಾ ಕೊಟ್ಟಾಗ ಕೇಳಿದರು: "ಬ್ಯಾರೇದವರ ಮುಂದ ಅನಬೇಕಿತ್ತೇನು?"

"ಡಬ್ಬಿ ಬ್ಯಾರೇದವರ ಕೂಡ ಹೊಂಟಿತ್ತಲ್ರಿ" ಎಂದೆ. ಹೇಳಿದ್ದಕ್ಕೆ ನನಗೆ ಬೇಜಾರಿಲ್ಲ. ಹೇಳಿದಾಗ ಅವರ ಮುಖ ಹೆಂಗಾಯಿತು ಎಂಬುದನ್ನು ಮಾತ್ರ ನೋಡಬಾರದಿತ್ತು. ನೋಡಿಬಿಟ್ಟೆ.

ಎರಡು ದಿನ ಬಿಟ್ಟು ಮುಗದದಿಂದ ಫೋನು ಬಂತು. ಹೆದರಿ, ಭಜನೆ ಮಾಡುವ ಗುಡಿಯ ಪಾಯಿಂಟನ್ನು ವೈರಿಂಗಿನವನಿಗೆ ತೋರಿಸಿದರಂತೆ, ಎಡಬಲ ಎಲ್ಲ ಸರಿಯೇ ಇತ್ತಂತೆ. ಭಜನೆ ಚೆನ್ನಾಗಿ ಆಯಿತಂತೆ.

"ಕೇಳಿದೇನು? ಹಂಗ ಒಯ್ದಿದ್ರೂ ಏನೂ ಆಗ್ತಿದ್ದಿಲ್ಲ" ಎಂದರು ನಮ್ಮವರು.

"ಆ ಗುಡ್ಯಾಗ ಆಗ್ತಿದ್ದಿಲ್ಲ. ಅವ್ರು ಒಂದ ಗುಡ್ಯಾಗ ಹಾಡ್ತಾರೇನು?"

"ಇನ್ನ ಮ್ಯಾಲೆ ಬಣ್ಣ ನೀ ಹೇಳು, ಕೆಲಸ ನಾ ಮಾಡ್ತೇನಿ" ಎಂದರು.

ಒಪ್ಪಿಕೊಳ್ಳುವುದು ಸುಲಭ ಇತ್ತು. ಮುದುಕನ ಮನಸ್ಸೂ ಉಳಿಯುತ್ತಿತ್ತು. ಆದರೆ ನಾನು ಅಡಿಗೆಮನೆಯಲ್ಲಿದ್ದಾಗ, ಸಂತೆಗೆ ಹೋದಾಗ ಬಣ್ಣ ಹೇಳುವವರು ಯಾರು? "ಹೇಳಂಗಿಲ್ಲ. ಕಣ್ಣು ಮಾಡಿಸ್ಕೊಂಡು ಬರ್ರಿ, ಅಲ್ಲೀತನಕ ಒಂದೂ ಡಬ್ಬಿ ಮನಿಯೊಳಗ ಬರಂಗಿಲ್ಲ" ಎಂದೆ.

ಅದಾಗಿ ಎಂಟು ದಿನವಾಯಿತು. ಬಂದ ಇಬ್ಬರನ್ನು ಬಾಗಿಲಿಂದಲೇ ಕಳಿಸಿದ್ದೇನೆ. ನಿನ್ನೆ ಊಟಕ್ಕೆ ಕೂತಾಗ ಡಾಕ್ಟರ ಚೀಟಿ ಎಲ್ಲಿದೆ ಎಂದು ಕೇಳಿದರು. ಕಪಾಟಿನಲ್ಲಿ ಎಂದೆ. ಮತ್ತೊಂದು ರೊಟ್ಟಿ ಬೇಕೇ ಎಂದು ಕೇಳಿದೆ. ಅರ್ಧ ಸಾಕೆಂದರು.