ನಾಮದೇವನ ಕಂಪ್ಯೂಟರಿನ ಮೊಲ

ಸದಲಗಾ ಬಸ್‌ಸ್ಟ್ಯಾಂಡಿನ ಎದುರು ಮೂರು ಕಂಪ್ಯೂಟರುಗಳ ನೆಟ್ ಸೆಂಟರ್ ಇಟ್ಟಿದ್ದ ನಾಮದೇವ ಕಾಂಬಳೆಗೆ ಬಾರದ ಮಾತು ಒಂದೇ, ‘ಬ್ಯಾಡ’. ಕನ್ನಡ, ಮರಾಠಿ ಎರಡನ್ನೂ ನೀರು ಕುಡಿದಷ್ಟು ಸಲೀಸಾಗಿ ಆಡುತ್ತಿದ್ದ ಮನುಷ್ಯ ಈ ಮಾತಿನ ಹತ್ತಿರ ಬಂದಾಗ ಮಾತ್ರ ಎರಡೂ ಭಾಷೆಗಳಲ್ಲಿ ಮೂಕನಾಗುತ್ತಿದ್ದ. ಮದುವೆಯ ಪಂಕ್ತಿಯಲ್ಲಿ ಬಡಿಸುವವರು ‘ಇನ್ನೊಂದ ಹೋಳಗಿ ಹಾಕ್ಲ್ಯಾ’ ಎಂದರೆ ಕೈ ಅಡ್ಡ ಹಿಡಿಯಲಾರ. ಆಮೇಲೆ ಮನೆಯಲ್ಲಿ ಹೊಟ್ಟೆ ಹಿಡಿದುಕೊಂಡು ಓಡಾಡುವನು. ಚುನಾವಣೆಗೆ ನಿಂತ ನಾಲ್ಕು ಜನ ಬಂದು ಕೇಳಿದಾಗ ನಾಲ್ವರಿಗೂ ಮಾತು ಕೊಟ್ಟು, ಮತದಾನದ ದಿನ ಜ್ವರವೆಂದು ಕಂಬಳಿ ಹೊದ್ದು ಮಲಗಿದ್ದ. ಕೇಳಿಕೊಂಡು ಬಂದವರನ್ನು ಮುಖ ಮುರಿದು ಕಳಿಸಬಾರದು ಎಂಬುದು ಅವನ ನಂಬಿಕೆ. ಒಳ್ಳೆಯ ನಂಬಿಕೆಯೇ, ಯಾರು ಇಲ್ಲವೆಂದರು? ಆದರೆ ಕೇಳುವವರು ಮನುಷ್ಯರಾದರೂ ಆಗಿರಬೇಕಲ್ಲ.

ಎರಡು ಸಾವಿರದ ಹನ್ನೆರಡರ ಸುಮಾರಿಗೆ ಅವನ ಕಂಪ್ಯೂಟರುಗಳೂ ಕೇಳತೊಡಗಿದವು. ಒಂದು ಹಾಡು ಇಳಿಸಿಕೊಳ್ಳಲು ಹೋದರೆ ಸಾಕು, ಪರದೆಯ ಮೇಲೆ ಚೌಕವೊಂದು ಎದ್ದು, ‘ಜೊತೆಗೆ ನಾನೂ ಬರಲೇ?’ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿತ್ತು. ನಾಮದೇವ ಓದುವ ಗೋಜಿಗೂ ಹೋಗದೆ ‘ಹೌದು’ ಒತ್ತುತ್ತಿದ್ದ. ಹೀಗೆ ಬಂದ ಜಾಹೀರಾತಿನ ಪಟ್ಟಿಗಳು ಪರದೆಯ ಮೇಲೆ ಒಂದರ ಕೆಳಗೊಂದು ಕೂತು, ಗಿರಾಕಿಗಳಿಗೆ ಓದಲು ನಾಲ್ಕು ಬೆರಳಿನಷ್ಟು ಜಾಗ ಉಳಿಯಿತು.

ಅವುಗಳಲ್ಲೆಲ್ಲ ಜೋರು, ಮೊಲದ ಚಿತ್ರವಿದ್ದ ಒಂದು ಪಟ್ಟಿ. ಮೊಲ ಮೂಲೆಯಲ್ಲಿ ಹಲ್ಲು ಕಿಸಿದು ಕೂತಿರುತ್ತಿತ್ತು. ಯಾರು ಏನೇ ಹುಡುಕಲಿ, ಅದು ತನ್ನದೇ ಪುಟ ತೆರೆಯುತ್ತಿತ್ತು. ಪಹಣಿ ಹುಡುಕಿದ ಕೆಂಪವ್ವನಿಗೆ ಬೋಳುತಲೆಗೆ ಹಚ್ಚುವ ಎಣ್ಣೆ ತೋರಿಸಿತು. ದ್ರಾಕ್ಷಿಯ ಔಷಧ ಹುಡುಕಿದ ಲಗಮಪ್ಪನಿಗೆ ರಷ್ಯಾ ದೇಶದ ಕನ್ಯೆಯರನ್ನು ತೋರಿಸಿತು. ಲಗಮಪ್ಪ ಮರುದಿನವೂ ದ್ರಾಕ್ಷಿಯ ಔಷಧ ಹುಡುಕಲು ಬಂದ.

ಮಗಳು ಸ್ನೇಹಲ ಎರಡು ಸಲ ಆ ಮೊಲವನ್ನು ತೆಗೆದುಹಾಕಿದ್ದಳು. ಎರಡು ಸಲವೂ ಅದು ಮತ್ತೆ ಬಂದು ಕೇಳಿತು, ಅಪ್ಪ ಮತ್ತೆ ಒಳಗೆ ಬಿಟ್ಟ.

“ಇರ್ಲಿ ಬಿಡವಾ, ಮೂಲ್ಯಾಗ ಕುಂತೈತಿ. ಅದಕ್ಕೇನ ನಾವು ಅನ್ನಾ ಹಾಕ್ಬೇಕಾ?” ಎಂದವನು, ಮಗಳು ಮೂರನೆಯ ಸಲ ಕೈ ಹಚ್ಚದಿರಲೆಂದು ಪಾಸ್‌ವರ್ಡ್ ಬೇರೆ ಹಾಕಿಟ್ಟ.

ಸ್ನೇಹಲ ಪೊಲೀಸ್ ನೌಕರಿಗೆ ಅರ್ಜಿ ಹಾಕಿದ್ದಳು. ಒಂದು ವರ್ಷದಿಂದ ಬೆಳಗಿನ ಹೊತ್ತು ದೂಧಗಂಗೆಯ ದಂಡೆಗುಂಟ ಓಡಿ ಓಡಿ ಬೂಟಿನ ತಳ ಸವೆಸಿದ್ದಳು. ಬೆಳಗಾವಿಯಲ್ಲಿ ಭಾನುವಾರ ಪರೀಕ್ಷೆ. ಹಾಲ್ ಟಿಕೆಟ್ ಏನು ಮಹಾ, ಮನೆಯದೇ ಅಂಗಡಿ ಎಂದು ಅಪ್ಪ ಅಂದದ್ದನ್ನು ನಂಬಿ, ಶನಿವಾರ ಮೂರು ಗಂಟೆಗೆ ಚೀಲ ಹೆಗಲಿಗೇರಿಸಿಕೊಂಡೇ ಪ್ರಿಂಟ್ ತೆಗೆಯಲು ಬಂದಳು. ಬೆಳಗಾವಿಗೆ ಅಂದಿನ ಕೊನೆಯದಾದ ನಾಲ್ಕರ ಬಸ್ಸು ತಪ್ಪಿದರೆ ಪರೀಕ್ಷೆ ತಪ್ಪಿದಂತೆಯೇ.

ಇಲಾಖೆಯ ಹೆಸರು ಹೊಡೆದಳು, ಮೊಲ ಬಂತು. ವಿಳಾಸವನ್ನೇ ನೇರವಾಗಿ ಹೊಡೆದಳು, ಆಗಲೂ ಮೊಲ. ಮೂರೂ ಕಂಪ್ಯೂಟರುಗಳಲ್ಲಿ ಮೂರು ಮೊಲಗಳು ನಗುತ್ತಿದ್ದವು. ಗಡಿಯಾರದಲ್ಲಿ ಮೂರೂವರೆ ಆಯಿತು.

“ಪಪ್ಪಾ, ಪಾಸ್‌ವರ್ಡ್ ಹೊಡಿ. ಇದನ್ನ ತಗದಽ ತಗೀಬೇಕು.”

ನಾಮದೇವ ಕದಲಲಿಲ್ಲ. ಅವನ ಹೊಟ್ಟೆಯಲ್ಲಿ ಬೇರೊಂದು ಗುಟ್ಟಿತ್ತು. ಕಾಗವಾಡದ ಆಬಾಸಾಹೇಬ ಬೆಳಿಗ್ಗೆ ಫೋನು ಮಾಡಿ, “ನಮ್ಮ ಹುಡುಗಗ ನಾಳೆ ನಿಮ್ಮ ಸ್ನೇಹಲನ್ನ ನೋಡಾಕ ಬರೋಣೇನ್ರಿ ಪಾವ್ಣೇರ?” ಎಂದು ಕೇಳಿದ್ದ. ನಾಳೆ ಪರೀಕ್ಷೆಯೆಂದು ಗೊತ್ತಿದ್ದೂ ನಾಮದೇವನ ಬಾಯಿ ತನ್ನ ಪಾಡಿಗೆ “ಬರ್ರಿ ಬರ್ರಿ” ಅಂದುಬಿಟ್ಟಿತ್ತು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಹಾಲ್ ಟಿಕೆಟ್ ಬಾರದೇ ಹೋದರೆ ಹುಡುಗಿ ಊರಲ್ಲೇ ಉಳಿಯುತ್ತಾಳೆ, ತಾನು ಯಾರಿಗೂ ಬೇಡ ಅನ್ನಬೇಕಾಗಿಲ್ಲ, ತಪ್ಪೆಲ್ಲ ಮೊಲದ್ದು! ಒಂದು ಗಳಿಗೆ ಅವನಿಗೆ ಹಾಯೆನಿಸಿತು.

ಆಮೇಲೆ ಕಣ್ಣು ಮಗಳ ಬೂಟಿನ ಮೇಲೆ ಬಿತ್ತು. ಹೆಬ್ಬೆರಳಿನ ಹತ್ತಿರ ಹರಿದದ್ದನ್ನು ಅವಳೇ ಕಪ್ಪು ದಾರದಿಂದ ಹೊಲಿದುಕೊಂಡಿದ್ದಳು. ಅವನಿಗೆ ತನ್ನ ಮೇಲೇ ಅಸಹ್ಯವಾಯಿತು.

ಕುರ್ಚಿ ಎಳೆದು ಕೂತು ಪಾಸ್‌ವರ್ಡ್ ಹೊಡೆದು, ಮೊಲವನ್ನು ತೆಗೆಯಲು ಮಗಳು ತೋರಿಸಿದಲ್ಲಿ ಒತ್ತಿದ. ಮೊಲ ಇಂಗ್ಲಿಷಿನಲ್ಲಿ ಏನೋ ಕೇಳಿತು. “ಖರೇನ ತಗೀತೀರಿ ಅಂತ ಕೇಳಾಕತ್ತೈತಿ,” ಎಂದಳು ಸ್ನೇಹಲ. ನಾಮದೇವ ಹೌದು ಒತ್ತಿದ. “ಮತ್ತೊಮ್ಮೆ ವಿಚಾರ ಮಾಡ್ರಿ ಅಂತೈತಿ.” ಮತ್ತೆ ಹೌದು ಒತ್ತಿದ. ಆಗ ಮೊಲದ ಎರಡೂ ಕಣ್ಣಿನಿಂದ ನೀಲಿ ನೀರು ಇಳಿಯಿತು. “ನಮ್ಮದೇನ ತಪ್ಪಾತು ಅಂತ.”

ನಾಮದೇವನ ಬೆರಳು ನಿಂತಿತು.

“ತಪ್ಪ ನಿಂದಲ್ಲೋ ಮಾರಾಯಾ, ನಂದು,” ಎಂದು ಮೊಲಕ್ಕೆ ಕನ್ನಡದಲ್ಲೇ ಹೇಳಿ, ಕಣ್ಣು ಮುಚ್ಚಿ ಒತ್ತಿಬಿಟ್ಟ.

ಮೂರು ಐವತ್ತಕ್ಕೆ ಹಾಲ್ ಟಿಕೆಟ್ ಪ್ರಿಂಟರಿನಿಂದ ಬಿಸಿಬಿಸಿಯಾಗಿ ಹೊರಬಂತು. ಸ್ನೇಹಲ ಅದನ್ನು ಚೀಲಕ್ಕೆ ಸೇರಿಸಿ ಬಾಗಿಲಿಗೆ ಬಂದು ಬಸ್ಸಿನ ದಾರಿ ನೋಡುತ್ತಾ ನಿಂತಳು. ಒಳಗೆ ನಾಮದೇವ ಕೈಯ ಬಿಸಿ ಆರುವ ಮೊದಲೇ ಫೋನೆತ್ತಿದ.

“ಆಬಾಸಾಹೇಬ್ರ, ನಾಳೆ ಬರಬ್ಯಾಡ್ರಿ.”

“ಖರೇನ ಬ್ಯಾಡ ಅಂತೀರೇನ್ರಿ?”

“ಹೌದ್ರಿ.”

“ಮತ್ತೊಮ್ಮೆ ವಿಚಾರ ಮಾಡ್ರಿ ಪಾವ್ಣೇರ.”

“ಮಾಡೀನ್ರಿ.”

ಆಬಾಸಾಹೇಬನ ದನಿ ಒದ್ದೆಯಾಯಿತು. “ನಮ್ಮದೇನ ತಪ್ಪಾತ್ರಿ?”

ಈ ಪ್ರಶ್ನೆ ಬರುವುದು ನಾಮದೇವನಿಗೆ ಗೊತ್ತಿತ್ತು. “ನಿಮ್ಮದೇನೂ ತಪ್ಪಿಲ್ರಿ. ನಮ್ಮ ಹುಡುಗಿದು ನಾಳೆ ಪರೀಕ್ಷಾ ಐತಿ,” ಎಂದು ಫೋನು ಇಟ್ಟ.

ಬಸ್ಸು ಬಂದು ನಿಂತಿತ್ತು. ಅಂಗಡಿಯ ಮೆಟ್ಟಿಲು ಇಳಿಯುತ್ತಿದ್ದ ಸ್ನೇಹಲ ತಿರುಗಿ ನೋಡಿದಳು.

“ಪಪ್ಪಾ, ನಾಳೆ ಯಾರ ಬರಾವ್ರಿದ್ರು?”

“ಯಾರಿಲ್ಲವಾ. ಇನ್ನೊಂದ ಮೊಲಾ ಇತ್ತು, ಅದನ್ನೂ ತಗದ್ನಿ. ನೀ ಹೋಗು, ಸೀಟ್ ಹಿಡಿ.”