ಸುಭಾನಸಾಬ ಬರೆದ ‘ಇಲ್ಲ’

ಗೋಕಾಕದ ತಹಶೀಲ್ದಾರ ಕಚೇರಿಯ ಎದುರು ಇಪ್ಪತ್ತೇಳು ವರ್ಷ ಮಂದಿಯ ಅರ್ಜಿ ಬರೆದ ಕೊಣ್ಣೂರಿನ ಸುಭಾನಸಾಬನಿಗೆ ಒಂದೇ ಒಂದು ಹೆಮ್ಮೆ ಇತ್ತು. ತಾನು ಬರೆದ ಅರ್ಜಿ ತಿರುಗಿ ಬರುವುದಿಲ್ಲ ಎಂಬುದು. ಸುಳ್ಳೇನಲ್ಲ ಬಿಡಿ. ಮೂಡಲಗಿಯಲ್ಲೂ ಹುಕ್ಕೇರಿಯಲ್ಲೂ ಅರ್ಜಿ ಬರೆಯುವವರಿಗೆ ಬರವಿರಲಿಲ್ಲ. ಆದರೂ ಅಲ್ಲಿನ ಜನ ಬಸ್ಸು ಹತ್ತಿ, ಕಾಗದಪತ್ರದ ಚೀಲ ಎದೆಗವಚಿಕೊಂಡು ಇವನನ್ನೇ ಹುಡುಕಿಕೊಂಡು ಬರುತ್ತಿದ್ದರು.

ಅವನ ವಿದ್ಯೆಯ ಗುಟ್ಟು ಬಹಳ ಸಣ್ಣದು. ‘ಇಲ್ಲ’ ಎಂದು ಬರೆಯಲು ಬರುವ ಕಡೆ ‘ಹೌದು’ ಎಂದು ಬರೆಯಬಾರದು, ಅಷ್ಟೇ. ‘ಹೌದು’ ಎಂದರೆ ಗುಮಾಸ್ತ ಕನ್ನಡಕ ಏರಿಸುತ್ತಾನೆ, ಅದರ ದಾಖಲೆ ಎಲ್ಲಿ ಎನ್ನುತ್ತಾನೆ, ನಾಳೆ ಬಾ ಎನ್ನುತ್ತಾನೆ. ‘ಇಲ್ಲ’ ಎಂದರೆ ಕಾಗದ ಎಣ್ಣೆ ಹಚ್ಚಿದಂತೆ ಜಾರಿ ಮುಂದಿನ ಟೇಬಲ್ಲಿಗೆ ಹೋಗುತ್ತದೆ. ಮುಂದೆ ಕಾಲ ಬದಲಾಗಿ ಅರ್ಜಿಗಳೆಲ್ಲ ಕಂಪ್ಯೂಟರಿನೊಳಗೆ ಹೋದಾಗ ಸುಭಾನಸಾಬನೂ ಒಂದು ಕಂಪ್ಯೂಟರ್ ತಂದು ಕಚೇರಿಯ ಹತ್ತಿರವೇ ಅಂಗಡಿ ಹಾಕಿದ. ಪಾಸ್‌ಪೋರ್ಟು, ವೀಸಾ, ವಿಮಾನದ ಟಿಕೆಟ್ಟು, ವಿದೇಶಕ್ಕೆ ಹೋಗುವವರ ವಿಮೆ, ಎಲ್ಲ ಕಲಿತ. ಆದರೆ ಕೈಯ ಚಾಳಿ ಹಳೆಯದೇ ಉಳಿಯಿತು.

ಅವನ ಊರಿನವಳೇ ಭರಮವ್ವ. ಸಾಲಿಯಲ್ಲಿ ಬಿಸಿಯೂಟ ಬೇಯಿಸಿ ಹದಿನೈದು ವರ್ಷ ಕೊಣ್ಣೂರಿನ ಮಕ್ಕಳ ಹೊಟ್ಟೆ ತುಂಬಿಸಿದ ಹೆಂಗಸು. ಬಾಯಿ ಸ್ವಲ್ಪ ಖಾರ, ಮಾತು ನೇರ. ಬೇಳೆಯಲ್ಲಿ ಹುಳ ಬಿದ್ದಿದ್ದರೆ ತನಿಖೆಗೆ ಬಂದ ಸಾಹೇಬರಿಗೆ ತಾನೇ ಮೊರದಲ್ಲಿ ಹಾಕಿ ತೋರಿಸುತ್ತಿದ್ದಳು. ಹೆಡ್ ಮಾಸ್ತರರು ಕಣ್ಣು ಸನ್ನೆ ಮಾಡಿದರೂ ಸುಮ್ಮನಿರುತ್ತಿರಲಿಲ್ಲ. ಅಂಥವಳ ಮಗಳು ಸಪ್ನಾ ಮದುವೆಯಾಗಿ ಮಸ್ಕತ್ತಿನಲ್ಲಿ ಇದ್ದಳು. ಅಳಿಯ ಅಶೋಕ ಅಲ್ಲಿ ಕ್ರೇನ್ ನಡೆಸುತ್ತಿದ್ದ. ಸಪ್ನಾ ಬಸುರಿಯಾದಳು, ಡಾಕ್ಟರರು ವಿಮಾನ ಹತ್ತಬೇಡ ಎಂದರು. ಮಗಳು ತವರಿಗೆ ಬರಲಾರಳು ಎಂದರೆ ಬಾಣಂತನವೇ ಮಗಳ ಹತ್ತಿರ ಹೋಗಬೇಕಲ್ಲ. ಭರಮವ್ವ ಬಜೆ, ಅಳವಿ, ಒಣಖೊಬ್ಬರಿ ಎಲ್ಲ ಗಂಟು ಕಟ್ಟಿಕೊಂಡು ಸಿದ್ಧಳಾದಳು. ಮೊಮ್ಮಗುವಿನ ಮೊದಲ ಎರೆತ, ಎಣ್ಣೆ ಹಚ್ಚಿ ನೀರು ಹಾಕುವುದು, ತನ್ನ ಕಾಲ ಮೇಲೇ ಆಗಬೇಕೆಂಬುದು ಅವಳ ಹಟ.

ವಿಮೆಯ ಫಾರ್ಮು ತುಂಬಲು ಅವಳು ಸುಭಾನಸಾಬನ ಅಂಗಡಿಗೆ ಬಂದದ್ದು ಒಂದು ಸೋಮವಾರ. ಹೊರಗೆ ಎಂಟು ಮಂದಿ ಕಾಯುತ್ತಿದ್ದರು. ವಯಸ್ಸು, ದೇಶ, ಎಷ್ಟು ದಿನ ಎಂದೆಲ್ಲ ಕೇಳಿದ ಕಂಪ್ಯೂಟರು ಕಡೆಗೆ ಮೊದಲಿನಿಂದ ಯಾವುದಾದರೂ ಕಾಯಿಲೆ ಇದೆಯೇ ಎಂದು ಕೇಳಿತು. ಸುಭಾನಸಾಬ ಅದನ್ನು ಓದಿ ಹೇಳಲೂ ಇಲ್ಲ. ಭರಮವ್ವನೇ ತನ್ನ ಕೈಚೀಲದಿಂದ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟಳು.

“ತಮ್ಮಾ, ಬಿ.ಪಿ. ಗುಳಿಗಿ ನುಂಗಾಕತ್ತಿ ಮೂರು ವರ್ಷಾತು. ಸಪ್ನಾಗ ಹೇಳಿಲ್ಲ, ಬಸುರಿ ಹೆಂಗಸು ಚಿಂತಿ ಮಾಡತಾಳ ಅಂತ. ಆದ್ರ ಸರಕಾರದ ಕಾಗದಕ್ಕ ಹೇಳಬೇಕಲ್ಲೋ. ಬರಕೋ.”

ಸುಭಾನಸಾಬ ನಕ್ಕ. ಇದು ಸರಕಾರದ ಕಾಗದವಲ್ಲ ಎಂದ. ಬಿ.ಪಿ. ಇಲ್ಲದವರು ಈಗ ಯಾರಿದ್ದಾರೆ, ಅದನ್ನೂ ರೋಗ ಎಂದು ಬರೆದರೆ ಊರೆಲ್ಲ ರೋಗಿಷ್ಟರೇ ಎಂದ. ‘ಹೌದು’ ಎಂದು ಒತ್ತಿದರೆ ಇನ್ನೊಂದು ಪುಟ ತೆರೆಯುತ್ತಿತ್ತು, ಯಾವ ಗುಳಿಗೆ, ಎಂದಿನಿಂದ, ಡಾಕ್ಟರರ ಚೀಟಿ ಎಲ್ಲಿ ಎಂದು ಕೇಳುತ್ತಿತ್ತು. ಮೊದಲಿನಿಂದ ಇದ್ದ ಕಾಯಿಲೆಗೂ ಆಸರೆಯಾಗುವ ಬೇರೊಂದು ವಿಮೆ ಪಕ್ಕದಲ್ಲೇ ಇತ್ತು, ಸ್ವಲ್ಪ ತುಟ್ಟಿ, ಅಷ್ಟೇ. ಅದನ್ನು ಅವನು ಕಂಡ. ಕಂಡೂ ಹೇಳಲಿಲ್ಲ. ಅವಳನ್ನು ಒಂದು ಮಾತು ಕೇಳಿದ್ದರೆ ಇದ್ದುದರಲ್ಲಿ ದೊಡ್ಡದನ್ನೇ ಮಾಡು ಎನ್ನುತ್ತಿದ್ದಳು, ಅಂಥ ಹೆಂಗಸು. ಆದರೆ ಅವನ ಬೆರಳು ಅಭ್ಯಾಸಬಲದಿಂದ ‘ಇಲ್ಲ’ದ ಮೇಲೆ ಹೋಗಿ ಒತ್ತಿಬಿಟ್ಟಿತು. ಭರಮವ್ವನಿಗೆ ಕಾಗದ ಕೊಟ್ಟು, ಆರಾಮಾಗಿ ಹೋಗಿ ಬಾ ಎಂದು ಕಳಿಸಿದ.

ಅರ್ಜಿಯನ್ನು ಕೊಡುವ ದಿನ ಓದುತ್ತಾರೆ. ವಿಮೆಯ ಫಾರ್ಮನ್ನು ಮನುಷ್ಯ ಬಿದ್ದ ದಿನ ಓದುತ್ತಾರೆ. ಇಷ್ಟು ಸಣ್ಣ ಮಾತು ಇಪ್ಪತ್ತೇಳು ವರ್ಷ ಕಾಗದದ ನಡುವೆ ಬದುಕಿದವನಿಗೆ ತಿಳಿಯಲಿಲ್ಲ ಎಂದರೆ ಏನು ಹೇಳೋಣ! ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು.

ಮಸ್ಕತ್ತಿಗೆ ಹೋದ ಒಂಬತ್ತನೆಯ ದಿನ ಭರಮವ್ವ ಅಡುಗೆಮನೆಯಲ್ಲಿ ಕುಸಿದಳು. ಬಲಗೈ ಬಲಗಾಲು ಸ್ವಾಧೀನ ತಪ್ಪಿದವು. ಆಸ್ಪತ್ರೆಯಲ್ಲಿ ಡಾಕ್ಟರರು ಕೇಳಿದಾಗ ಅರ್ಧ ಬಾಯಲ್ಲೇ, ಮೂರು ವರ್ಷದಿಂದ ಗುಳಿಗೆ ನುಂಗುತ್ತೇನೆ ಎಂದು ತಾನೇ ಹೇಳಿದಳು. ಅವಳಿಗೆ ಮುಚ್ಚಿಡುವುದು ಎಲ್ಲಿ ಬರಬೇಕು? ಆ ಮಾತು ಆಸ್ಪತ್ರೆಯ ಕಾಗದಕ್ಕೆ ಏರಿತು, ಅಲ್ಲಿಂದ ವಿಮೆಯವರಿಗೆ ಹೋಯಿತು. ಅವರು ಫಾರ್ಮು ತೆಗೆದು ನೋಡಿದರು. ಕಾಯಿಲೆ ಮುಚ್ಚಿಟ್ಟು ವಿಮೆ ಮಾಡಿಸಿದ್ದೀರಿ, ನಮ್ಮಿಂದ ಏನೂ ಬರುವುದಿಲ್ಲ ಎಂದು ಎರಡು ಸಾಲಿನಲ್ಲಿ ತಿಳಿಸಿದರು. ನಾಲ್ಕು ದಿನದ ನಂತರ ಸಪ್ನಾ ಹಡೆದಳು, ಹೆಣ್ಣುಮಗು. ತಾಯಿ ಒಂದು ಆಸ್ಪತ್ರೆ, ಮಗಳು ಒಂದು ಆಸ್ಪತ್ರೆ, ನಡುವೆ ಓಡಾಡಿ ಅಶೋಕ ಹೈರಾಣಾದ. ಕೈಕಾಲಿಗೆ ಕೊಡಬೇಕಾದ ವ್ಯಾಯಾಮದ ಚಿಕಿತ್ಸೆ ಅರ್ಧಕ್ಕೇ ನಿಂತಿತು. ಅಶೋಕ ಅತ್ತೆಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಊರಿಗೆ ತಂದು ಅವಳ ಮಗ ಗಜಾನನನ ಹತ್ತಿರ ಬಿಟ್ಟ. ಆಸ್ಪತ್ರೆಯ ಬಿಲ್ಲಿಗಾಗಿ ಮಸ್ಕತ್ತಿನ ಬಾಡಿಗೆ ಮನೆ ಬಿಟ್ಟು ಅವನು ಕಂಪನಿಯ ಖೋಲಿಗೆ ಸೇರಿದ. ಮೂರು ತಿಂಗಳ ಕೂಸನ್ನು ಎತ್ತಿಕೊಂಡು ಸಪ್ನಾ ಕೊಣ್ಣೂರಿಗೆ ಬಂದಳು. ಕೂಸಿನ ಮೊದಲ ಎರೆತವನ್ನು ಮಸ್ಕತ್ತಿನ ಪಕ್ಕದ ಮನೆಯ ಯಾರೋ ಮಲಯಾಳಿ ಹೆಂಗಸು ಮಾಡಿ ಮುಗಿಸಿದ್ದಳು.

ಸಪ್ನಾ ಬಂದ ಸುದ್ದಿ ಕೇಳಿ ಸುಭಾನಸಾಬ ಒಂದು ಚೀಲ ಮೋಸಂಬಿ ಹಿಡಿದುಕೊಂಡು ಹೋದ. ಎಲ್ಲವನ್ನೂ ಹೇಳಿಬಿಡಬೇಕೆಂದೇ ಹೋದ, ಅದು ಖರೆ. ಹೆಂಡತಿ ಸುಲ್ತಾನಾಬಿ ಬಾಗಿಲ ತನಕ ಬಂದು, ಹೇಳದೆ ತಿರುಗಿ ಬರಬೇಡ ಎಂದು ಕಳಿಸಿದ್ದಳು. ಸಪ್ನಾ ಚಹಾ ಕೊಟ್ಟಳು. ಎದುರಿಗೆ ನಿಂತಳು, ಕೂರಲಿಲ್ಲ.

“ಕಾಕಾ, ಫಾರ್ಮ್ ತುಂಬುವಾಗ ಅವ್ವಗ ಕೇಳಿದ್ರಿಲ್ಲೋ? ಬ್ಯಾನಿ ಏನರ ಐತೇನು ಅಂತ?”

ಸುಭಾನಸಾಬ ಬಾಯಿ ತೆರೆದ. ಅಷ್ಟರಲ್ಲಿ ಮಂಚದ ಮೇಲಿನಿಂದ ಭರಮವ್ವನ ತೊದಲು ದನಿ ಬಂತು.

“ಕೇಳಿದ್ದ. ನಾನ ಇಲ್ಲ ಅಂದೆ.”

ಜೀವಮಾನದಲ್ಲಿ ಹುಳದ ಬೇಳೆಯನ್ನೂ ಮುಚ್ಚಿಡದ ಹೆಂಗಸು ಆಡಿದ ಸುಳ್ಳು ಅದು. ಸಪ್ನಾ ತಾಯಿಯ ಕಡೆ ಒಮ್ಮೆ ನೋಡಿದಳು. ನನಗೂ ಮುಚ್ಚಿಟ್ಟಿ, ಅವರಿಗೂ ಮುಚ್ಚಿಟ್ಟಿ, ಎಲ್ಲರ ಬಾಳು ಹಾಳು ಮಾಡಿದಿ ಎಂದು ಒಳಗೆ ಹೋದಳು. ಭರಮವ್ವ ಎಡಗೈಯಿಂದ ಸುಭಾನಸಾಬನನ್ನು ಹತ್ತಿರ ಕರೆದಳು. ಒಂದೊಂದೇ ಮಾತನ್ನು ಹೆಕ್ಕಿ ಹೆಕ್ಕಿ ಹೇಳಿದಳು.

“ನಿನ್ನ ಮುಂದ ಹತ್ತು ಮಂದಿ ನಂಬಿ ಕುಂಡರತಾರ. ಖರೇ ಹೇಳಿದ್ರ ಅಂಗಡಿ ಮುಚ್ಚತೈತಿ. ಮಗಳ ಸಿಟ್ಟು ಎಷ್ಟು ದಿನದ್ದೋ? ಹೊಟ್ಟ್ಯಾಗ ಹುಟ್ಟಿದ್ದು, ತಾನ ಕರಗತೈತಿ.”

ಅವನು ಚಹಾ ಕುಡಿದು ಮುಗಿಸಿದ. ಹೌದ್ರೀ, ಕುಡಿದು ಮುಗಿಸಿದ! ಕಪ್ಪುಬಸಿಯನ್ನು ನೆಲಕ್ಕಿಟ್ಟು, ಬರ್ತೇನಿ ಅಕ್ಕಾ ಎಂದು ಎದ್ದು ಬಂದ. ಮನೆಗೆ ಬಂದರೆ ಸುಲ್ತಾನಾಬಿ ಮುಖ ನೋಡಿಯೇ ತಿಳಿದುಕೊಂಡಳು, ಎರಡು ದಿನ ರೊಟ್ಟಿ ತಾಟನ್ನು ಸಪ್ಪಳ ಮಾಡಿ ಇಟ್ಟಳು.

ಅಂದಿನಿಂದ ಅಂಗಡಿಯಲ್ಲಿ ಸುಭಾನಸಾಬ ಬೇರೆ ಮನುಷ್ಯನಾದ. ವಿದೇಶಕ್ಕೆ ಹೋಗುವವರು ಬಂದರೆ ಮೊದಲು ಗುಳಿಗೆಯ ಚೀಲ ಬಿಚ್ಚಿಸುತ್ತಿದ್ದ. ಮೂಡಲಗಿಯ ಗೊಬ್ಬರದ ಅಂಗಡಿಯ ಹೊಳೆಪ್ಪನನ್ನು ಕಂಪನಿಯವರು ಬ್ಯಾಂಕಾಕಿಗೆ ಪುಕ್ಕಟೆ ಕರೆದುಕೊಂಡು ಹೋಗುವವರಿದ್ದರು. ಅವನು, ನನಗೆ ಬ್ಯಾನಿ ಇಲ್ಲ, ಬರೇ ಸಕ್ಕರಿ ಐತಿ ಎಂದ. ಬರೇ ಸಕ್ಕರಿ ಇದ್ದರೆ ಚಹಾಕ್ಕೆ ಹಾಕಿಕೋ, ಇಲ್ಲಿ ‘ಹೌದು’ ಎಂದೇ ಬರೆಯುತ್ತೇನೆ ಎಂದು ಸುಭಾನಸಾಬ ಹರಿಹಾಯ್ದ. ಯಾವ ವಿಮೆ ಅಗ್ಗ ಎಂದು ಕೇಳಿದವರಿಗೆ, ಮೊದಲು ಅದು ಯಾವುದಕ್ಕೆಲ್ಲ ಕೊಡುವುದಿಲ್ಲ ಎಂಬ ಪುಟ ಓದಿ ಹೇಳುತ್ತಿದ್ದ. ವಿಮೆಯವರ ಫೋನ್ ನಂಬರನ್ನು ಹೋಗುವವರ ಕಿಸೆಗೊಂದು, ಜೊತೆಯವರ ಕಿಸೆಗೊಂದು ಬರೆದು ಹಾಕುತ್ತಿದ್ದ. ಸಾಬಗೆ ತಲೆ ಕೆಟ್ಟಿದೆ ಎಂದು ಕೆಲವರು ಬೇರೆ ಅಂಗಡಿಗೆ ಹೋದರು. ಹೋಗಲಿ ಎಂದ.

ಆದರೆ ಹೇಳಬೇಕಾದ ಒಂದು ಮಾತನ್ನು ಹೇಳಬೇಕಾದವಳಿಗೆ ಮಾತ್ರ ಹೇಳಲಿಲ್ಲ. ಭರಮವ್ವನ ಮಗ ಗಜಾನನ ಸಂತೆಯಲ್ಲಿ ಸಿಕ್ಕಾಗಲೆಲ್ಲ ಮನೆಯ ಸುದ್ದಿ ಹೇಳುತ್ತಿದ್ದ. ಅಕ್ಕ ಅವ್ವನ ಜೋಡಿ ಮಾತು ಬಿಟ್ಟಿದ್ದಾಳೆ, ಉಣ್ಣಿಸುತ್ತಾಳೆ, ಮೈ ತೊಳೆಯುತ್ತಾಳೆ, ಆದರೆ ತುಟಿ ಬಿಚ್ಚುವುದಿಲ್ಲ ಎನ್ನುತ್ತಿದ್ದ. ತಾನೊಂದು ಮಾತು ಆಡಿದರೆ ತಾಯಿಗೆ ಮಗಳು ತಿರುಗಿ ಸಿಗುತ್ತಾಳೆ ಎಂದು ಸುಭಾನಸಾಬನಿಗೆ ಸ್ವಚ್ಛ ಗೊತ್ತಿತ್ತು. ಮೊಹರಂ ಮುಗಿಯಲಿ ಎಂದ, ಕಬ್ಬಿನ ಹಂಗಾಮು ಮುಗಿಯಲಿ ಎಂದ. ಎರಡು ಸಲ ಅವರ ಓಣಿಯ ತಿರುವಿನ ತನಕ ಹೋಗಿ ಹಿಂದಿರುಗಿದ. ಇವತ್ತಲ್ಲ ನಾಳೆ ಎನ್ನುತ್ತ ಎಂಟು ತಿಂಗಳು ಕಳೆದವು.

ಭರಮವ್ವ ಒಂದು ಬುಧವಾರ ಎರಡನೆಯ ಸಲ ಲಕ್ವ ಹೊಡೆದು ತೀರಿಕೊಂಡಳು.

ಮಣ್ಣಿಗೆ ಹೋಗಿ ಬಂದ ಸುಭಾನಸಾಬ ಮೂರು ದಿನ ಅಂಗಡಿ ತೆರೆಯಲಿಲ್ಲ. ನಾಲ್ಕನೆಯ ದಿನ ಹೋದ. ಸಪ್ನಾ ಪಡಸಾಲೆಯಲ್ಲಿ ಕೂಸನ್ನು ಮಲಗಿಸುತ್ತಿದ್ದಳು. ಈ ಸಲ ಚಹಾ ಬೇಡ ಎಂದ. ನಿಂತೇ ಹೇಳಿದ. ಅವಳ ತಾಯಿ ಗುಳಿಗೆಯ ಪಟ್ಟಿ ತೆಗೆದು ಮೇಜಿನ ಮೇಲಿಟ್ಟದ್ದು, ಬರಕೋ ಎಂದದ್ದು, ತಾನು ನಕ್ಕದ್ದು, ‘ಇಲ್ಲ’ ಒತ್ತಿದ್ದು, ಇದೇ ಮನೆಯಲ್ಲಿ ಭರಮವ್ವ ತನ್ನ ಸಲುವಾಗಿ ಸುಳ್ಳು ಆಡಿದಾಗ ತಾನು ಬಾಯಿ ಮುಚ್ಚಿಕೊಂಡದ್ದು, ಒಂದನ್ನೂ ಬಿಡಲಿಲ್ಲ. ಬೈಯಲಿ, ಹೊಡೆಯಲಿ, ಊರೆಲ್ಲ ಸಾರಲಿ ಎಂದು ತಲೆ ತಗ್ಗಿಸಿ ನಿಂತ.

ಸಪ್ನಾ ಬೈಯಲಿಲ್ಲ. ಖಾಲಿ ಮಂಚದ ಕಡೆ ತಿರುಗಿ ಕೂತಳು.

“ಸಾಯೋ ಹಿಂದಿನ ದಿನ ಅವ್ವ ನನ್ನ ಕೈ ಹಿಡಕೊಂಡಿದ್ಲು ಕಾಕಾ,” ಎಂದಳು. “ಒಂದು ಮಾತು ಆಡವಾ ಅಂದ್ಲು. ನಾ ಕೈ ಬಿಡಿಸಿಕೊಂಡು ಭಾಂಡೆ ತಿಕ್ಕಾಕ ಹೋದೆ. ಮಂಗಳವಾರ ಬಂದಿದ್ರೂ ಸಾಕಾಗಿತ್ರಿ.”

ಕೂಸು ಎಚ್ಚತ್ತು ಅಳತೊಡಗಿತು. ಸಪ್ನಾ ಅದನ್ನು ಎತ್ತಿಕೊಂಡು ಒಳಗೆ ಹೋದಳು. ಸುಭಾನಸಾಬ ಬರ್ತೇನಿ ಎಂದು ಹೇಳಲು ಸ್ವಲ್ಪ ಹೊತ್ತು ಅಲ್ಲೇ ನಿಂತಿದ್ದ. ಅವಳು ಹೊರಗೆ ಬರಲಿಲ್ಲ.