ಬಾಕಿ ಉಳಿದ ರೀಸ್ಟಾರ್ಟ್

ಜಯಂತಿಯಕ್ಕ, ಆ ಮಕ್ಕಳಿಗೆ ಪ್ರವೇಶ ಸಂದರ್ಶನದ ಮೇಲ್ ಹೋಗದಿದ್ದದ್ದು ನಿಮ್ಮಿಂದಲ್ಲ, ನನ್ನಿಂದ. ಆರು ವರ್ಷ ಈ ಮಾತನ್ನು ನುಂಗಿಕೊಂಡೇ ಇದ್ದೆ.

ನೀವು ಆ ಮೇಲ್ ಕಳಿಸುವ ಹಿಂದಿನ ಸಂಜೆ ಕಾಲೇಜಿನ ಎಲ್ಲ ಸರ್ವರ್‌ಗಳಿಗೂ ಮೇಲ್ ಸಾಗಿಸುವ ಹೊಸ ಯಂತ್ರದ ವಿಳಾಸ ಹಾಕಲು ಒಂದೇ ಆದೇಶ ಕೊಟ್ಟಿದ್ದೆ. ಬದಲಾವಣೆ ಬರೆದು, ಕೊನೆಗೆ ರೀಸ್ಟಾರ್ಟ್ ಮಾಡುವುದು ಅದರ ಕ್ರಮ; ರೀಸ್ಟಾರ್ಟ್ ಆಗುವವರೆಗೆ ಸರ್ವರ್ ಹಳೆಯ ವಿಳಾಸವನ್ನೇ ಬಳಸುತ್ತದೆ. ನಿಮ್ಮ ಪ್ರವೇಶ ವಿಭಾಗದ ಸರ್ವರ್‌ನಲ್ಲಿ ವಿಳಾಸ ಬರೆದಾಯಿತು, ಆಮೇಲೆ ಡಿಸ್ಕ್ ತುಂಬಿ ಕೆಲಸ ಅರ್ಧಕ್ಕೆ ನಿಂತಿತು. ಜಾಗ ಮಾಡಿ ಮತ್ತೆ ಓಡಿಸಿದೆ. ವಿಳಾಸ ಆಗಲೇ ಬದಲಾಗಿದೆಯಲ್ಲ — ಈ ಸಲ ಬದಲಿಸಲು ಏನೂ ಇಲ್ಲ, ಹಾಗಾಗಿ ರೀಸ್ಟಾರ್ಟೂ ಇಲ್ಲ. ಪರದೆ ತುಂಬ ಹಸಿರು, ಎಲ್ಲ ಸರಿಯಿದೆ ಎಂಬಂತೆ. ರೀಸ್ಟಾರ್ಟ್ ಆಗಿಲ್ಲವೆಂದು ಕಂಡಿತ್ತು, ಅಕ್ಕ — ಕಂಡೂ ಬೆಳ್ತಂಗಡಿ ಬಸ್ಸಿಗೆ ಓಡಿದೆ.

ಬೆಳಿಗ್ಗೆ ನೀವು ಕಳಿಸಿದ್ದೆಲ್ಲ ಮುಚ್ಚಿಹೋದ ಹಳೆಯ ವಿಳಾಸಕ್ಕೆ ಹೋಗಿ ಕಾಣೆಯಾಯಿತು. ಸಂದರ್ಶನದ ದಿನ ಕುರ್ಚಿಗಳು ಖಾಲಿ, ಆಮೇಲೆ ಪೋಷಕರ ಗಲಾಟೆ. ಪ್ರಿನ್ಸಿಪಾಲರು ಇಬ್ಬರನ್ನೂ ಕರೆಸಿದರು. ಹೋಗುವ ಮೊದಲು ನಾನು ಸದ್ದಿಲ್ಲದೆ ರೀಸ್ಟಾರ್ಟ್ ಮಾಡಿದೆ.

"ನಾನು ಕಳಿಸಿದ್ದೇನೆ ಸರ್, ದೇವರಾಣೆ," ಎಂದಿರಿ ನೀವು.

"ಸರ್ವರ್ ಸರಿ ಉಂಟಾ?" ಎಂದು ಅವರು ನನ್ನನ್ನು ಕೇಳಿದರು.

"ಸರಿ ಉಂಟು ಸರ್."

ಆ ಗಳಿಗೆಗೆ ಅದು ನಿಜವೇ. ಅಂಥ ನಿಜ ಹೇಳಿದ ನಾಲಿಗೆಗೆ ಏನನ್ನಬೇಕೋ... ನೀವು ನನ್ನತ್ತ ನೋಡಿದಿರಿ, ನಾನು ನೆಲ ನೋಡಿದೆ. ಮರುವಾರ ನೀವು ಕೆಲಸದಲ್ಲಿರಲಿಲ್ಲ.

"ಬಾ ಮಾರಾಯ, ಊಟ ಮಾಡುವ," ಎಂದು ದಿನಾ ಕರೆಯುತ್ತಿದ್ದವರು ನೀವೊಬ್ಬರೇ. ಈಗ ಸರ್ವರ್ ಕೋಣೆಯಲ್ಲಿ, ಎಸಿಯ ಸದ್ದಿನಲ್ಲಿ, ಒಬ್ಬನೇ ಬುತ್ತಿ ಬಿಚ್ಚುತ್ತೇನೆ. ಯಾರಾದರೂ ಕರೆದರೂ ಹೋಗುವುದಿಲ್ಲ — ಕರೆಸಿಕೊಳ್ಳುವ ಯೋಗ್ಯತೆ ಇಲ್ಲ ಅನ್ನಿಸುತ್ತದೆ.

ನಡುವೆ ಏನು ಕೆಟ್ಟರೂ ಬಾಕಿ ಇರುವ ರೀಸ್ಟಾರ್ಟ್ ಮಾಡಿಯೇ ನಿಲ್ಲಬೇಕೆಂದು, ಪ್ರಿನ್ಸಿಪಾಲರು ಕರೆಸಿದ ಮರುದಿನವೇ ಆ ಆದೇಶಕ್ಕೆ ಒಂದು ಸಾಲು ಸೇರಿಸಿದ್ದೆ. ಎರಡು ನಿಮಿಷದ ಕೆಲಸ. ರೀಸ್ಟಾರ್ಟ್ ಆಗಿಲ್ಲವೆಂದು ಹೇಳುವ ಆ ಸಂಜೆಯ ದಾಖಲೆಯನ್ನು ಮಾತ್ರ ಅಳಿಸಲೂ ಆಗಲಿಲ್ಲ, ತೋರಿಸಲೂ ಆಗಲಿಲ್ಲ.

ಇವತ್ತು ಅದನ್ನು ಪ್ರಿಂಟ್ ತೆಗೆದಿದ್ದೇನೆ. ನಾಳೆ ಮೊದಲು ಪ್ರಿನ್ಸಿಪಾಲರ ಮೇಜಿನ ಮೇಲಿಡುತ್ತೇನೆ, ಆಮೇಲೆ ಪಾಣೆಮಂಗಳೂರಿಗೆ ನಿಮ್ಮ ಮನೆಗೆ ಬರುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ, ಅಕ್ಕ. ಈ ಸಲ ನೆಲ ನೋಡುವುದಿಲ್ಲ, ಅಷ್ಟೆ.